ಪಿಂಚಣಿ ಹೆಚ್ಚಲಿ, ಆದರೆ ದುಡ್ಡು ಎಲ್ಲಿಂದ ಬರಬೇಕು ಅನ್ನೋದನ್ನೂ ಮಾತಾಡೋಣ

ಮಾನ್ಯ ಸಂಪಾದಕರೇ,

ಪಿಂಚಣಿ ಅಂದ ಕೂಡಲೇ ನಮ್ಮಲ್ಲಿ ಮಾತು ಸರ್ಕಾರಿ ನೌಕರರ ಕಡೆಗೇ ತಿರುಗುತ್ತದೆ. ಹಳೇ ಪಿಂಚಣಿ ವಾಪಸ್ ಕೊಡಿ, ಎನ್‌ಪಿಎಸ್ (ಮಾರುಕಟ್ಟೆಯ ಲಾಭವನ್ನು ನಂಬಿದ ಪಿಂಚಣಿ) ಬೇಡ, ಈಗ ಯುಪಿಎಸ್ (ಖಾತರಿ ಮೊತ್ತದ ಏಕೀಕೃತ ಪಿಂಚಣಿ) ಬಂದಿದೆ, ಅದು ಸಾಕಾ ಸಾಲದಾ. ಅವರ ಹೋರಾಟದ ಬಗ್ಗೆ ನನಗೆ ತಕರಾರಿಲ್ಲ. ಆದರೆ ಕಾರ್ಖಾನೆ, ಗಾರ್ಮೆಂಟ್ಸ್, ಮಿಲ್ಲು, ಸಹಕಾರ ಸಂಘ, ನಿಗಮಗಳಲ್ಲಿ ದುಡಿದು ಮನೆ ಸೇರಿದ ಸುಮಾರು 78 ಲಕ್ಷ ಜನ ಈ ದೇಶದಲ್ಲಿ ಇಪಿಎಸ್-95, ಅಂದ್ರೆ 1995ರ ನೌಕರರ ಪಿಂಚಣಿ ಯೋಜನೆಯಿಂದ ಪಿಂಚಣಿ ಪಡೆಯುತ್ತಿದ್ದಾರೆ. ನಮ್ಮ ಕೆಎಸ್‌ಆರ್‌ಟಿಸಿ ನಿವೃತ್ತರೂ ಇದರಲ್ಲೇ ಇದ್ದಾರೆ. ಇವರಲ್ಲಿ ಲಕ್ಷಾಂತರ ಜನಕ್ಕೆ ಬರುವುದು ತಿಂಗಳಿಗೆ ಒಂದು ಸಾವಿರ ರೂಪಾಯಿ. ಕೆಲವರಿಗೆ ಅದಕ್ಕೂ ಕಡಿಮೆ.

ನಾನೂ ಅವರಲ್ಲೊಬ್ಬ. ಪೀಣ್ಯದ ಕಾರ್ಖಾನೆಯೊಂದರ ಟೈಮ್ ಆಫೀಸಿನಲ್ಲಿ ಹಾಜರಿ, ಸಂಬಳ, ಪಿಎಫ್ ಲೆಕ್ಕ ಎಲ್ಲ ನೋಡಿಕೊಂಡಿದ್ದವನು. ಹಾಗಾಗಿ ಈ ಲೆಕ್ಕ ನನಗೆ ಒಳಗಿನಿಂದ ಗೊತ್ತು. ಕನಿಷ್ಠ ಪಿಂಚಣಿ ಹೆಚ್ಚಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹೆಚ್ಚಿಸುವ ದುಡ್ಡನ್ನು ಪಿಂಚಣಿ ನಿಧಿಯಿಂದಲೇ ಕಿತ್ತು ಕೊಡಬಾರದು, ಯಾಕಂದ್ರೆ ಅದು ಇವತ್ತು ಕೆಲಸ ಮಾಡುತ್ತಿರುವ ಹುಡುಗ ಹುಡುಗಿಯರ ವಯಸ್ಸಾದ ಕಾಲದ ದುಡ್ಡು. ಹೆಚ್ಚಿಸಿ ಅನ್ನುವವರು ದುಡ್ಡಿನ ಮೂಲ ಹೇಳುವುದಿಲ್ಲ. ದುಡ್ಡಿಲ್ಲ ಅನ್ನುವ ಸರ್ಕಾರ ಪೂರ್ತಿ ಲೆಕ್ಕ ತೋರಿಸುವುದಿಲ್ಲ. ಇವೆರಡರ ನಡುವೆ ವರ್ಷಗಳು ಹೋಗುತ್ತಿವೆ.

ಯೋಜನೆ ಹೇಗೆ ನಡೆಯುತ್ತದೆ ಅಂತ ಮೊದಲು ಹೇಳುತ್ತೇನೆ. ಸಂಬಳ ಅಂದ್ರೆ ಇಲ್ಲಿ ಮೂಲ ವೇತನ ಮತ್ತು ಡಿಎ (ತುಟ್ಟಿಭತ್ಯೆ). ಅದರಲ್ಲಿ ಕಾರ್ಮಿಕ ಶೇ 12 ಕಟ್ಟುತ್ತಾನೆ, ಅದು ಪೂರ್ತಿ ಅವನ ಪಿಎಫ್‌ಗೆ ಹೋಗುತ್ತದೆ. ಮಾಲೀಕರೂ ಶೇ 12 ಕಟ್ಟುತ್ತಾರೆ. ಅದರಲ್ಲಿ ಶೇ 8.33 ಪಿಂಚಣಿ ನಿಧಿಗೆ, ಉಳಿದ ಶೇ 3.67 ಪಿಎಫ್‌ಗೆ. ಕೇಂದ್ರ ಸರ್ಕಾರ ತನ್ನ ಕಡೆಯಿಂದ ಶೇ 1.16 ಪಿಂಚಣಿಗೆ ಹಾಕುತ್ತದೆ. ಇದೆಲ್ಲ 15,000 ರೂಪಾಯಿ ಸಂಬಳದವರೆಗೆ ಮಾತ್ರ. ನಿಮ್ಮ ಸಂಬಳ 40,000 ಇದ್ದರೂ ಪಿಂಚಣಿ ಲೆಕ್ಕಕ್ಕೆ ಅದು 15,000. ಅಂದ್ರೆ ತಿಂಗಳಿಗೆ ಹೆಚ್ಚೆಂದರೆ ಮಾಲೀಕರಿಂದ 1,250, ಸರ್ಕಾರದಿಂದ 174.

ಪಿಂಚಣಿ ಲೆಕ್ಕ ಇನ್ನೂ ಸುಲಭ. ಲೆಕ್ಕಕ್ಕೆ ಹಿಡಿದ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು. ಯೋಜನೆ ಶುರುವಾಗಿದ್ದು 1995ರ ನವೆಂಬರ್ 16ರಂದು. ಅವತ್ತಿನಿಂದ ಸೇರಿ 2014ರ ಆಗಸ್ಟ್‌ನಲ್ಲಿ 58 ತುಂಬಿ ನಿವೃತ್ತರಾದವರನ್ನು ತಗೊಳ್ಳಿ. ಸೇವೆ 19 ವರ್ಷ. ಆಗ ಸಂಬಳದ ಮಿತಿ 6,500. ಪಿಂಚಣಿ 1,764 ರೂಪಾಯಿ. 1995ಕ್ಕೂ ಹಿಂದಿನ ಸೇವೆ ಇದ್ದರೆ ಸ್ವಲ್ಪ ಸೇರುತ್ತದೆ, ಅಷ್ಟೇ. ಆ ಮನುಷ್ಯ ತೀರಿಕೊಂಡರೆ ಹೆಂಡತಿಗೆ ಅದರ ಅರ್ಧ, 882. ಕನಿಷ್ಠ ಪಿಂಚಣಿಯ ನಿಯಮ ಇರುವುದರಿಂದ ಅದನ್ನು ಸಾವಿರಕ್ಕೆ ಏರಿಸುತ್ತಾರೆ.

ಆ ಸಾವಿರ ನಿಗದಿಯಾಗಿದ್ದು 2014ರ ಸೆಪ್ಟೆಂಬರ್‌ನಲ್ಲಿ. ಆಮೇಲೆ ಹತ್ತು ವರ್ಷ ದಾಟಿದರೂ ಅದು ಸಾವಿರವೇ. ಇಪಿಎಸ್ ಪಿಂಚಣಿಗೆ ಡಿಎ ಅನ್ನುವುದೇ ಇಲ್ಲ. ನಿವೃತ್ತಿಯ ದಿನ ಎಷ್ಟು ನಿಗದಿಯಾಯಿತೋ ಸಾಯುವವರೆಗೂ ಅಷ್ಟೇ. ಬೆಲೆ ಸೂಚ್ಯಂಕ ಹಿಡಿದು ನೋಡಿದರೆ ಆಗಿನ ಸಾವಿರಕ್ಕೆ ಈಗ ಹೆಚ್ಚೂಕಡಿಮೆ 600 ರೂಪಾಯಿಯ ಬೆಲೆ. ನಮ್ಮ ರಾಜ್ಯದ ಸಂಧ್ಯಾ ಸುರಕ್ಷಾದಲ್ಲಿ ಏನೂ ಕಟ್ಟದೆ ಇದ್ದವರಿಗೂ ತಿಂಗಳಿಗೆ 1,200 ಬರುತ್ತದೆ. ಅದು ಬರಲಿ, ಜಾಸ್ತಿಯೇ ಬರಲಿ, ಅವರ ಕಷ್ಟ ನನಗೆ ಗೊತ್ತು. ಆದರೆ ಮೆಷಿನ್ ಮುಂದೆ ನಿಂತು ದುಡಿದು, ತಿಂಗಳು ತಿಂಗಳೂ ಹೆಸರಿನಲ್ಲಿ ವಂತಿಗೆ ಕಟ್ಟಿಸಿಕೊಂಡವರಿಗೆ ಅದಕ್ಕಿಂತ ಕಡಿಮೆ ಬರುತ್ತದೆ ಅಂದ್ರೆ ಆ ಯೋಜನೆಯಲ್ಲೇ ಏನೋ ದೋಷ ಇದೆ ಅಂತ ಅಲ್ವಾ?

ಭಗತ್ ಸಿಂಗ್ ಕೋಶಿಯಾರಿ ಅವರ ಅಧ್ಯಕ್ಷತೆಯ ಸಂಸದೀಯ ಸಮಿತಿ 2013ರಲ್ಲೇ ಕನಿಷ್ಠ 3,000 ಕೊಡಿ ಅಂತ ಹೇಳಿತ್ತು. ಸರ್ಕಾರ ಒಪ್ಪಿದ್ದು ಸಾವಿರಕ್ಕೆ. ಈಗ ಪಿಂಚಣಿದಾರರ ಸಂಘಟನೆಗಳು ಕೇಳುತ್ತಿರುವುದು 7,500 ಮತ್ತು ಡಿಎ. ಸಂಸತ್ತಿನಲ್ಲಿ ಈ ಪ್ರಶ್ನೆ ಬಂದಾಗಲೆಲ್ಲ ಕಾರ್ಮಿಕ ಸಚಿವಾಲಯದ್ದು ಹೆಚ್ಚುಕಡಿಮೆ ಒಂದೇ ಉತ್ತರ: 2019ರ ಮಾರ್ಚ್ 31ಕ್ಕೆ ಮಾಡಿದ ಮೌಲ್ಯಮಾಪನದ (ಮುಂದೆ ಕೊಡಬೇಕಾದ ಪಿಂಚಣಿಗೆ ನಿಧಿ ಸಾಕಾ ಅನ್ನುವ ಲೆಕ್ಕ) ಪ್ರಕಾರ ನಿಧಿಯಲ್ಲಿ ಕೊರತೆ ಇದೆ. ಎಷ್ಟೋ ವರ್ಷ ಅದೇ 2019ರ ಲೆಕ್ಕವನ್ನು ಮುಂದಿಟ್ಟರು.

ಕೊರತೆ ಇಲ್ಲ, ಸುಮ್ನೆ ಹೇಳುತ್ತಾರೆ ಅನ್ನುವ ಗೆಳೆಯರಿದ್ದಾರೆ. ನಿಧಿಯಲ್ಲಿ 7 ಲಕ್ಷ ಕೋಟಿಗೂ ಜಾಸ್ತಿ ಇದೆ, ಬಡ್ಡಿಯಲ್ಲೇ ಕೊಡಬಹುದು ಅಂತಾರೆ. ಇದನ್ನು ನಾನು ಒಪ್ಪುವುದಿಲ್ಲ. 78 ಲಕ್ಷ ಜನಕ್ಕೂ ತಿಂಗಳಿಗೆ 7,500 ಕೊಟ್ಟರೆ ವರ್ಷಕ್ಕೆ 70 ಸಾವಿರ ಕೋಟಿ ದಾಟುತ್ತದೆ. ನಿಧಿ 7.8 ಲಕ್ಷ ಕೋಟಿ ಅಂತ ಹಿಡಿದು ಶೇ 8ರ ಬಡ್ಡಿ ಹಾಕಿದರೂ ಬರುವುದು 62 ಸಾವಿರ ಕೋಟಿ. ಡಿಎ ಸೇರಿದರೆ ವರ್ಷ ವರ್ಷವೂ ಇನ್ನೂ ಮೇಲೆ. ಅದೂ ಅಲ್ಲದೆ ಆ ನಿಧಿ ನಮ್ಮೊಬ್ಬರದ್ದಲ್ಲ. ಇನ್ನೂ ನಿವೃತ್ತರಾಗದ ಕೋಟಿಗಟ್ಟಲೆ ಜನರ ದುಡ್ಡು ಅದರಲ್ಲಿದೆ. ಬಡ್ಡಿಯನ್ನೆಲ್ಲ ನಾವೇ ತಿಂದರೆ ಅವರಿಗೆ ಕೊಡುವಾಗ ಏನಿರುತ್ತದೆ?

ಇನ್ನೊಂದು ಹೋಲಿಕೆ ನೋಡಿ. 2025ರ ಏಪ್ರಿಲ್‌ನಿಂದ ಜಾರಿಗೆ ಬಂದ ಕೇಂದ್ರ ನೌಕರರ ಯುಪಿಎಸ್‌ನಲ್ಲಿ 25 ವರ್ಷ ಸೇವೆ ಮಾಡಿದವರಿಗೆ ಕೊನೆಯ 12 ತಿಂಗಳ ಸರಾಸರಿ ಮೂಲ ವೇತನದ ಅರ್ಧ, ಜತೆಗೆ ಬೆಲೆ ಏರಿಕೆಗೆ ತಕ್ಕ ಹೆಚ್ಚಳ. ಹತ್ತು ವರ್ಷ ಸೇವೆ ಇದ್ದರೂ ಕನಿಷ್ಠ 10,000. ಅದಕ್ಕೆ ನೌಕರ ಶೇ 10 ಕಟ್ಟುತ್ತಾನೆ, ಸರ್ಕಾರ ಶೇ 18.5. ಒಟ್ಟು ಶೇ 28.5. ನಮ್ಮದರಲ್ಲಿ ಒಟ್ಟು ಶೇ 9.49, ಅದೂ 15,000ದ ಮೇಲೆ. ಮೂರನೇ ಒಂದು ಪಾಲು ಕಟ್ಟಿ ಅಷ್ಟೇ ಪಿಂಚಣಿ ಬೇಕು ಅಂದ್ರೆ ಯಾವ ದೇಶದಲ್ಲೂ ಆಗುವುದಿಲ್ಲ. ಇದನ್ನು ನಮ್ಮ ಮುಖಂಡರು ಸಭೆಗಳಲ್ಲಿ ಧೈರ್ಯವಾಗಿ ಹೇಳಬೇಕು.

ಈಗ ನನ್ನನ್ನು ತುಂಬಾ ಕಾಡಿದ ಲೆಕ್ಕಕ್ಕೆ ಬರುತ್ತೇನೆ. ದಯವಿಟ್ಟು ತಾಳ್ಮೆಯಿಂದ ಓದಿ. 15,000 ಮಿತಿಯಲ್ಲಿರುವ ಒಬ್ಬರಿಗೆ ಒಂದು ವರ್ಷಕ್ಕೆ ಪಿಂಚಣಿ ನಿಧಿಗೆ ಹೋಗುವುದು ಸರ್ಕಾರದ್ದೂ ಸೇರಿ ಸುಮಾರು 17,000 ರೂಪಾಯಿ. ಆ ಒಂದು ವರ್ಷದ ಸೇವೆಗೆ ಸಿಗುವ ಪಿಂಚಣಿ 15,000 ಭಾಗಿಸು 70, ಅಂದ್ರೆ ತಿಂಗಳಿಗೆ 214. ವರ್ಷಕ್ಕೆ 2,571.

57ನೇ ವಯಸ್ಸಿನಲ್ಲಿ ಕಟ್ಟಿದ 17,000ಕ್ಕೂ ಇಷ್ಟೇ, 25ನೇ ವಯಸ್ಸಿನಲ್ಲಿ ಕಟ್ಟಿದ 17,000ಕ್ಕೂ ಇಷ್ಟೇ! 57ರವರಿಗೆ ಅದು ಬಹಳ ಲಾಭ. ಏಳು ವರ್ಷ ತುಂಬುವ ಮೊದಲೇ ಕಟ್ಟಿದ್ದೆಲ್ಲ ವಾಪಸ್, ಆಮೇಲೆ ಬರುವುದು ಮೇಲಿನದು, ಅವರ ನಂತರ ಸಂಗಾತಿಗೆ ಅರ್ಧ. 25ರ ಹುಡುಗಿಯ ದುಡ್ಡು ಮಾತ್ರ 33 ವರ್ಷ ನಿಧಿಯಲ್ಲಿ ದುಡಿಯುತ್ತದೆ. ಶೇ 8ರ ಬಡ್ಡಿಯಲ್ಲಿ ಅದು ಎರಡು ಲಕ್ಷ ದಾಟುತ್ತದೆ. ಅದನ್ನು ಬ್ಯಾಂಕಿನಲ್ಲಿ ಇಟ್ಟು ಶೇ 7 ಬಡ್ಡಿ ತಗೊಂಡರೂ ವರ್ಷಕ್ಕೆ 15,000, ಅಸಲು ಹಾಗೇ ಇರುತ್ತದೆ. ಯೋಜನೆ ಕೊಡುವುದು ಅದೇ 2,571. ಮುಂದೆ ಮಿತಿ ಏರಿದರೂ ಅವಳ ಹಳೆಯ ವರ್ಷಗಳಿಗೆ ಅದರ ಲಾಭ ಸಿಗುತ್ತದೆ ಅಂತ ಹೇಳುವ ಹಾಗಿಲ್ಲ, ಯಾಕಂದ್ರೆ 2014ರಲ್ಲಿ ಮಿತಿಯನ್ನು 6,500ರಿಂದ 15,000ಕ್ಕೆ ಏರಿಸಿದಾಗ ಅದಕ್ಕೂ ಹಿಂದಿನ ಸೇವೆಯನ್ನು 6,500ಕ್ಕೇ ಲೆಕ್ಕ ಹಾಕಬೇಕು ಅಂತ ನಿಯಮ ಮಾಡಿದರು. ನಿಧಿ ಉಳಿಸಲು ಅದು ಬೇಕಿತ್ತು, ಸರಿ. ಆದರೆ ಹಳೆಯ ವರ್ಷಗಳಿಗೆ ಬೆಲೆ ಏರಿಕೆಯ ಹೆಚ್ಚಳವನ್ನಾದರೂ ಸೇರಿಸಬೇಕಿತ್ತಲ್ಲ.

ಚಿಕ್ಕವರಿಂದ ಇಷ್ಟು ತಗೊಂಡರೂ ಕೊರತೆ ಯಾಕೆ ಅಂತ ನೀವು ಕೇಳಬಹುದು. ಮೊದಲ ತಲೆಮಾರಿನವರ ಪರವಾಗಿ ಕಟ್ಟಿದ್ದು ಕಡಿಮೆ. 2001ರವರೆಗೆ ಮಿತಿ ಇದ್ದಿದ್ದು 5,000. ಆದರೆ ಪಿಂಚಣಿಯನ್ನು ಕೊನೆಯ 12 ತಿಂಗಳ ಸಂಬಳದ ಮೇಲೆ ಕೊಟ್ಟರು. 1971ರ ಕುಟುಂಬ ಪಿಂಚಣಿ ಯೋಜನೆಯ ಹಳೇ ಸೇವೆಯನ್ನೂ ಸೇರಿಸಿಕೊಂಡರು. ಮೇಲಾಗಿ ಜನ ಈಗ ಹೆಚ್ಚು ಕಾಲ ಬದುಕುತ್ತಾರೆ. 58ಕ್ಕೆ ನಿವೃತ್ತರಾದವರು ಇನ್ನೂ ಹದಿನೆಂಟು, ಇಪ್ಪತ್ತು ವರ್ಷ ಇರುವುದು ಸಾಮಾನ್ಯ. ಅದು ಒಳ್ಳೆಯದೇ. ಆದರೆ ವಂತಿಗೆಯ ದರ ಮಾತ್ರ 1995ರಲ್ಲಿ ಎಷ್ಟಿತ್ತೋ ಅಷ್ಟರಲ್ಲೇ ನಿಂತಿದೆ.

ಜನಸಂಖ್ಯೆಯ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. 2011ರ ಜನಗಣತಿಯಲ್ಲಿ 60 ದಾಟಿದವರು ನೂರಕ್ಕೆ ಒಂಬತ್ತು ಜನವೂ ಇರಲಿಲ್ಲ. 2050ರ ಹೊತ್ತಿಗೆ ಐದರಲ್ಲಿ ಒಬ್ಬರು ಆಗುತ್ತಾರೆ ಅಂತ ವಿಶ್ವಸಂಸ್ಥೆಯ ಅಂದಾಜು. ಕರ್ನಾಟಕದಲ್ಲಿ ಒಬ್ಬ ತಾಯಿಗೆ ಸರಾಸರಿ ಮಕ್ಕಳು 1.7ಕ್ಕೆ ಇಳಿದಿದೆ. ಅಂದ್ರೆ ಕಟ್ಟುವವರು ಕಡಿಮೆ, ಪಡೆಯುವವರು ಜಾಸ್ತಿ ಆಗುವ ಕಾಲ ದೂರ ಇಲ್ಲ.

ಹೀಗಿರುವಾಗ ಹೊಸಬರನ್ನು ಯೋಜನೆಗೆ ಸೇರಿಸಿಕೊಳ್ಳಬೇಕಲ್ವಾ? ನಡೆಯುತ್ತಿರುವುದು ಉಲ್ಟಾ. 2014ರ ಸೆಪ್ಟೆಂಬರ್ ನಂತರ ಮೊದಲ ಸಲ ಕೆಲಸಕ್ಕೆ ಸೇರುವವರ ಸಂಬಳ 15,000 ದಾಟಿದ್ದರೆ ಅವರಿಗೆ ಇಪಿಎಸ್‌ನಲ್ಲಿ ಜಾಗವೇ ಇಲ್ಲ. ಆಗ 15,000 ಒಂದು ಮಟ್ಟಿಗೆ ದೊಡ್ಡ ಸಂಬಳ. ಈಗ ಬೆಂಗಳೂರಿನಲ್ಲಿ ಡಿಪ್ಲೊಮಾ ಮುಗಿಸಿ ಬಂದ ಹುಡುಗನ ಮೊದಲ ಸಂಬಳವೇ ಅದನ್ನು ದಾಟಬಹುದು. ಮಿತಿಯನ್ನು ಮುಟ್ಟದೆ ಬಿಟ್ಟರೆ ಸರ್ಕಾರದ ಶೇ 1.16ರ ಖರ್ಚು ಉಳಿಯುತ್ತದೆ, ನಿಜ. ಆದರೆ ವರ್ಷ ವರ್ಷವೂ ಹೊಸ ಸದಸ್ಯರು ಹೊರಗೇ ಉಳಿಯುತ್ತಾ ಹೋಗುತ್ತಾರೆ, ನಿಧಿಯಲ್ಲಿ ವಯಸ್ಸಾದವರು ಮತ್ತು ತೀರಾ ಕಡಿಮೆ ಸಂಬಳದವರು ಮಾತ್ರ ಉಳಿಯುತ್ತಾರೆ. ಕೊರತೆ ಇದೆ ಅಂತ ಮಿತಿ ಏರಿಸದಿದ್ದರೆ, ಮಿತಿ ಏರಿಸದೇ ಇರುವುದರಿಂದಲೇ ಮುಂದಿನ ಕೊರತೆ ಹುಟ್ಟುತ್ತದೆ. ಇದೇ ಕಾರ್ಮಿಕ ಸಚಿವಾಲಯ ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) ಸಂಬಳ ಮಿತಿಯನ್ನು 2017ರ ಜನವರಿಯಲ್ಲೇ 21,000 ಮಾಡಿತು. ಆಸ್ಪತ್ರೆಗೆ ಒಂದು ಮಿತಿ, ಪಿಂಚಣಿಗೆ ಇನ್ನೊಂದು ಮಿತಿ ಯಾಕೆ ಅಂತ ಇವತ್ತಿಗೂ ನನಗೆ ಅರ್ಥವಾಗಿಲ್ಲ.

ಗಾರ್ಮೆಂಟ್ಸ್ ಹೆಣ್ಣುಮಕ್ಕಳ ವಿಷಯ ಬಿಟ್ಟು ಈ ಪತ್ರ ಮುಗಿಸಲು ಆಗುವುದಿಲ್ಲ. 2016ರ ಏಪ್ರಿಲ್ ನೆನಪಿರಬಹುದು. ಮಾಲೀಕರ ಪಾಲಿನ ಪಿಎಫ್ ಅನ್ನು 58 ವರ್ಷದವರೆಗೆ ತೆಗೆಯುವ ಹಾಗಿಲ್ಲ ಅಂತ ಕೇಂದ್ರ ಆದೇಶ ಮಾಡಿತ್ತು. ಹೊಸೂರು ರಸ್ತೆಯಲ್ಲಿ, ತುಮಕೂರು ರಸ್ತೆಯಲ್ಲಿ ಸಾವಿರಾರು ಹೆಣ್ಣುಮಕ್ಕಳು ಕೆಲಸ ಬಿಟ್ಟು ಬೀದಿಗಿಳಿದರು. ಯಾವ ದೊಡ್ಡ ಸಂಘವೂ ಕರೆದಿರಲಿಲ್ಲ, ದೊಡ್ಡ ನಾಯಕರೂ ಇರಲಿಲ್ಲ. ಎರಡೇ ದಿನದಲ್ಲಿ ಕೇಂದ್ರ ಆದೇಶ ವಾಪಸ್ ತಗೊಂಡಿತು. ಆಗ ಕೆಲವರು, ಇವರಿಗೆ ನಾಳೆಯ ಯೋಚನೆ ಇಲ್ಲ ಅಂತ ಟೀಕೆ ಮಾಡಿದರು. ಅದು ಅನ್ಯಾಯದ ಮಾತು. ಹೊಲಿಗೆ ಲೈನಿನಲ್ಲಿ 40 ದಾಟಿದವರನ್ನು ಎಷ್ಟು ಕಡೆ ಇಟ್ಟುಕೊಳ್ಳುತ್ತಾರೆ? ಕೆಲಸ ಹೋದ ಮೇಲೆ 58ರವರೆಗೆ ಮನೆ ಬಾಡಿಗೆ, ಮಕ್ಕಳ ಫೀಸು ಯಾರು ಕಟ್ಟುತ್ತಾರೆ? ಅವರ ಮಟ್ಟಿಗೆ ಪಿಎಫ್ ಅಂದ್ರೆ ಕಷ್ಟಕಾಲದ ದುಡ್ಡು.

ಇವರಲ್ಲಿ ಬಹಳಷ್ಟು ಜನಕ್ಕೆ ಪಿಂಚಣಿ ಸಿಗುವುದೇ ಇಲ್ಲ. ಹತ್ತು ವರ್ಷ ಸೇವೆ ಇದ್ದರೆ ಮಾತ್ರ ಪಿಂಚಣಿ. ಒಂದು ಕಡೆ ಮೂರು ವರ್ಷ, ಇನ್ನೊಂದು ಕಡೆ ನಾಲ್ಕು ವರ್ಷ, ನಡುವೆ ಬಾಣಂತನ, ಊರಿಗೆ ಹೋಗಿ ಬರೋದು. ಬಿಟ್ಟಾಗಲೆಲ್ಲ 10ಸಿ ಫಾರಂ ತುಂಬಿ ಪಿಂಚಣಿ ದುಡ್ಡನ್ನೂ ತೆಗೆದುಕೊಂಡು ಹೋಗುತ್ತಾರೆ. ತೆಗೆಯದೆ ಸ್ಕೀಮ್ ಸರ್ಟಿಫಿಕೇಟ್ (ಸೇವೆಯ ವರ್ಷಗಳನ್ನು ದಾಖಲಿಸುವ ಪತ್ರ) ತಗೊಂಡರೆ, ಅಥವಾ ಯುಎಎನ್ (ಕೆಲಸ ಬದಲಾದರೂ ಬದಲಾಗದ ಪಿಎಫ್ ಸಂಖ್ಯೆ) ನಂಬರಿನಲ್ಲಿ ಹಳೇ ಸೇವೆ ವರ್ಗಾಯಿಸಿದರೆ, ಎಲ್ಲ ಕಡೆಯ ವರ್ಷಗಳೂ ಕೂಡಿ ಹತ್ತು ಆಗುತ್ತದೆ ಅಂತ ಹೇಳುವವರು ಯಾರು? ನಾನು ಕೆಲಸದಲ್ಲಿದ್ದಾಗ ಕೈಲಾದಷ್ಟು ಹೇಳಿದ್ದೇನೆ. ಎಷ್ಟೋ ಜನ ಕೇಳಿಸಿಕೊಂಡು, "ಅಣ್ಣಾ, ಅಲ್ಲೀವರೆಗೂ ಇದ್ದರೆ ತಾನೇ" ಅಂತ ಹೇಳಿ ಸಹಿ ಹಾಕಿ ಹೋಗುತ್ತಿದ್ದರು. ಹತ್ತು ವರ್ಷದ ನಿಯಮವನ್ನು ಐದಕ್ಕೆ ಇಳಿಸಿದರೆ ಈ ಹೆಣ್ಣುಮಕ್ಕಳಿಗೂ ಸ್ವಲ್ಪವಾದರೂ ಪಿಂಚಣಿ ಸಿಗುತ್ತದೆ. ಕಡಿಮೆ ಸೇವೆಗೆ ಕಡಿಮೆ ಪಿಂಚಣಿ, ನಿಧಿಗೆ ದೊಡ್ಡ ಭಾರವೇನೂ ಬೀಳುವುದಿಲ್ಲ. ಹಣ ತೆಗೆಯುವುದಕ್ಕೆ ಕಾಯುವ ತಿಂಗಳುಗಳನ್ನು ಹೆಚ್ಚಿಸುತ್ತಾ ಹೋಗುವುದಕ್ಕಿಂತ ಇದು ಎಷ್ಟೋ ಮೇಲು.

ಇನ್ನು ನಿವೃತ್ತಿ ವಯಸ್ಸು ಏರಿಸುವ ಸಲಹೆ. ಕಾಗದದ ಮೇಲೆ ಕೊರತೆ ತುಂಬಲು ಎಲ್ಲಕ್ಕಿಂತ ಸುಲಭದ ದಾರಿ ಅದು. ಕುರ್ಚಿಯಲ್ಲಿ ಕೂತು ಕೆಲಸ ಮಾಡಿದ ನನ್ನಂಥವನು 60, 62ರವರೆಗೂ ದುಡಿಯಬಹುದು. ಫೌಂಡ್ರಿಯಲ್ಲಿ, ಪವರ್ ಪ್ರೆಸ್‌ನಲ್ಲಿ ಕೆಲಸ ಮಾಡಿದವರ ಕೈ ಕಾಲು 55ಕ್ಕೇ ಸೋತಿರುತ್ತದೆ. ಈಗಲೇ ಇರುವ ನಿಯಮ ಚೆನ್ನಾಗಿದೆ. 58ಕ್ಕೂ ಮೊದಲು ತಗೊಂಡರೆ ವರ್ಷಕ್ಕೆ ಶೇ 4 ಕಡಿತ, 60ರವರೆಗೆ ಕಾದರೆ ವರ್ಷಕ್ಕೆ ಶೇ 4 ಜಾಸ್ತಿ. ಕಾಯುವ ಅವಕಾಶವನ್ನು ಬೇಕಿದ್ದರೆ 65ರವರೆಗೆ ವಿಸ್ತರಿಸಲಿ, ಆಗುವವರು ಕಾಯುತ್ತಾರೆ. ಎಲ್ಲರ ಮೇಲೂ ಹೇರುವುದು ಬೇಡ.

2022ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಹೆಚ್ಚಿನ ಪಿಂಚಣಿಯ ತೀರ್ಪಿನ ಬಗ್ಗೆ ಒಂದು ಮಾತು. ಪೂರ್ತಿ ಸಂಬಳದ ಮೇಲೆ ವಂತಿಗೆ ಕಟ್ಟಿ ಪೂರ್ತಿ ಸಂಬಳದ ಮೇಲೆ ಪಿಂಚಣಿ ಪಡೆಯಲು 17 ಲಕ್ಷಕ್ಕೂ ಹೆಚ್ಚು ಅರ್ಜಿ ಬಂದವು. ಅರ್ಹರಿಗೆ ಸಿಗಲಿ. ಆದರೆ ಅದರಿಂದ ಹೆಚ್ಚು ಲಾಭ ಕೊನೆಯಲ್ಲಿ ದೊಡ್ಡ ಸಂಬಳ ಇದ್ದವರಿಗೆ. ಸಾವಿರ ರೂಪಾಯಿಯ ವಿಧವೆಗೆ ಅದರಿಂದ ಏನೂ ಆಗಲಿಲ್ಲ, ಪತ್ರಿಕೆಗಳಲ್ಲಿ ಜಾಗ ಮಾತ್ರ ಅದಕ್ಕೇ ಜಾಸ್ತಿ ಸಿಕ್ಕಿತು.

ಹಾಗಾದರೆ ಏನು ಮಾಡಬೇಕು ಅಂದ್ರೆ, ನನ್ನ ಅಭಿಪ್ರಾಯ ಇದು. ಕನಿಷ್ಠ ಪಿಂಚಣಿಯನ್ನು ಮೊದಲು 3,000ಕ್ಕೆ ಏರಿಸಿ, ಹೆಚ್ಚುವರಿ ದುಡ್ಡನ್ನು ಪೂರ್ತಿ ಕೇಂದ್ರ ಬಜೆಟ್‌ನಿಂದ ಕೊಡಬೇಕು, ನಿಧಿ ಮುಟ್ಟಬಾರದು. ಈಗಲೂ ಸಾವಿರ ತುಂಬಿಸಲು ಬಜೆಟ್ ದುಡ್ಡೇ ಹೋಗುತ್ತಿದೆ, ಆದ್ದರಿಂದ ಇದು ಹೊಸ ಪದ್ಧತಿಯೇನಲ್ಲ. ಆಮೇಲೆ ಅದು ಪ್ರತಿ ವರ್ಷ ಬೆಲೆ ಸೂಚ್ಯಂಕದ ಜತೆ ತಾನಾಗಿ ಏರಬೇಕು, ಚುನಾವಣೆ ಬರಲಿ ಬಿಡಲಿ. ಸಂಬಳದ ಮಿತಿಯೂ ಹಾಗೆಯೇ, ಈಗ 25,000ದ ಆಸುಪಾಸಿಗೆ ತಂದು, ಮುಂದೆ ಪ್ರತಿ ವರ್ಷ ಸ್ವಲ್ಪ ಸ್ವಲ್ಪ. ಪಿಂಚಣಿಯನ್ನು ಕೊನೆಯ ಸಂಬಳದ ಮೇಲೆ ಲೆಕ್ಕ ಹಾಕುವುದನ್ನು ಹೊಸ ಸೇವೆಯ ಮಟ್ಟಿಗೆ ಕೈಬಿಡಬೇಕು. ಆಯಾ ವರ್ಷ ಗಳಿಸಿದ ಪಿಂಚಣಿಯನ್ನು ಆಯಾ ವರ್ಷವೇ ಪಾಸ್‌ಬುಕ್ಕಿನಲ್ಲಿ ಬರೆದು, ಅದಕ್ಕೆ ಬೆಲೆ ಏರಿಕೆಯ ಹೆಚ್ಚಳ ಸೇರಿಸುತ್ತಾ ಹೋಗಬೇಕು. ಆಗ 25ರ ಹುಡುಗಿಗೂ ನ್ಯಾಯ, ನಿಧಿಗೂ ಮುಂದೆ ಎಷ್ಟು ಕೊಡಬೇಕು ಅನ್ನುವ ಸ್ಪಷ್ಟ ಲೆಕ್ಕ.

ಮುಂದಿನ ಮಾತು ನಮ್ಮ ಸಂಘದ ಗೆಳೆಯರಿಗೆ ಹಿಡಿಸುವುದಿಲ್ಲ, ಆದರೂ ಹೇಳುತ್ತೇನೆ. ಕಾರ್ಮಿಕರು ಕಟ್ಟುವ ಶೇ 12ರಲ್ಲಿ ಶೇ 2 ಪಿಂಚಣಿಗೆ ಹೋಗಬೇಕು. 15,000 ಸಂಬಳಕ್ಕೆ ಅದು ತಿಂಗಳಿಗೆ 300 ರೂಪಾಯಿ. ಕೈಗೆ ಬರುವ ಸಂಬಳ ಕಡಿಮೆ ಆಗುವುದಿಲ್ಲ, ಪಿಎಫ್ ಸ್ವಲ್ಪ ಕಡಿಮೆ ಆಗುತ್ತದೆ. ಅದಕ್ಕೆ ಸರಿಯಾಗಿ ಸರ್ಕಾರ ತನ್ನ ಶೇ 1.16 ಅನ್ನು ಶೇ 3 ಮಾಡಬೇಕು. ಆಗ ಒಟ್ಟು ಶೇ 13 ದಾಟುತ್ತದೆ. ಯುಪಿಎಸ್‌ನ ಅರ್ಧವೂ ಇಲ್ಲ, ಆದರೆ ಡಿಎ ಕೊಡುವುದಕ್ಕೆ ಒಂದು ದಾರಿಯಾದರೂ ಆಗುತ್ತದೆ. ಪಿಎಫ್ ದುಡ್ಡು ಮಗಳ ಮದುವೆಗೆ, ಸೈಟಿಗೆ, ಆಪರೇಷನ್ನಿಗೆ ಅಂತ ಮುಗಿದುಹೋಗುವುದನ್ನು ನಾನು ವರ್ಷಗಟ್ಟಲೆ ನೋಡಿದ್ದೇನೆ. 70 ದಾಟಿದ ಮೇಲೆ ಉಳಿಯುವುದು ತಿಂಗಳು ತಿಂಗಳು ಬರುವ ಪಿಂಚಣಿ ಮಾತ್ರ.

ಕರ್ನಾಟಕದಿಂದ ಲೋಕಸಭೆಗೆ 28 ಜನ ಹೋಗಿದ್ದಾರೆ. ಪಕ್ಷ ಯಾವುದೇ ಇರಲಿ, ಅವರಲ್ಲಿ ಒಬ್ಬರಾದರೂ ಮುಂದಿನ ಅಧಿವೇಶನದಲ್ಲಿ ಈ ಪ್ರಶ್ನೆ ಕೇಳಲಿ: 2019ರ ನಂತರ ಪ್ರತಿ ವರ್ಷದ ಮೌಲ್ಯಮಾಪನದಲ್ಲಿ ಕೊರತೆ ಎಷ್ಟು, ಕನಿಷ್ಠ ಪಿಂಚಣಿ 3,000 ಮಾಡಿ ಡಿಎ ಸೇರಿಸಿದರೆ ಅದು ಎಷ್ಟಾಗುತ್ತದೆ, ಮಿತಿಯನ್ನು 25,000 ಮಾಡಿದರೆ ಎಷ್ಟಾಗುತ್ತದೆ, ವಂತಿಗೆ ಶೇ 13 ದಾಟಿದರೆ ಎಷ್ಟು ಉಳಿಯುತ್ತದೆ. ಉತ್ತರವನ್ನು ವರ್ಷವಾರು ಕೊಡಲಿ, ವರದಿಯನ್ನು ಪೂರ್ತಿಯಾಗಿ ಇಪಿಎಫ್‌ಒ (ಪಿಎಫ್ ಸಂಸ್ಥೆ) ವೆಬ್‌ಸೈಟಿನಲ್ಲಿ ಹಾಕಲಿ, ಸಾಧ್ಯವಾದರೆ ಕನ್ನಡದಲ್ಲೂ ಹಾಕಲಿ. ಕೊರತೆ ಎಷ್ಟು ಅಂತ ಗೊತ್ತಾದರೆ ನಾವು ಪಿಂಚಣಿದಾರರೂ ಕೂತು ಮಾತಾಡಲು ತಯಾರಿದ್ದೇವೆ.

ಇಂತಿ,
ಇಪಿಎಸ್-95 ಪಿಂಚಣಿದಾರ
ಪೀಣ್ಯ, ಬೆಂಗಳೂರು